ಕೆಂಟನ್ನಿನಲ್ಲಿ ಮನೆ ತೋರಿಸಿದ ವರ್ಷಗಳು

ಖಾಲಿ ಮನೆ ತೋರಿಸುವುದು ಸುಲಭ. ಕೀಲಿ ತಿರುಗಿಸಿ, ದೀಪ ಹಾಕಿ, ಪಕ್ಕಕ್ಕೆ ಸರಿದು ನಿಂತರಾಯಿತು. ಜನ ವಾಸವಾಗಿರುವ ಮನೆ ತೋರಿಸುವುದು ಬೇರೆಯೇ ಕೆಲಸ. ಮಾರುವವರು ಕೆಳಗೆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕಿವಿ ಕೊಟ್ಟು ಕೂತಿರುತ್ತಾರೆ. ಕೊಳ್ಳುವವರು ಮಹಡಿಯಲ್ಲಿ ನಿಂತು ಅವರ ಕಾರ್ಪೆಟ್ಟಿನ ಬಣ್ಣಕ್ಕೆ ಮೂಗು ಮುರಿಯುತ್ತಿರುತ್ತಾರೆ. ನಡುವೆ ಮೆಟ್ಟಿಲ ಮೇಲೆ ನಾವು. ವಾಯವ್ಯ ಲಂಡನ್ನಿನ ಕೆಂಟನ್ನಿನಲ್ಲಿ, ಒಂದು ಸಣ್ಣ ಎಸ್ಟೇಟ್ ಏಜೆಂಟ್ ಆಫೀಸಿನ ಪರವಾಗಿ, ನಾನು ಹದಿನೇಳು ವರ್ಷ ಆ ಮೆಟ್ಟಿಲ ಮೇಲೆ ನಿಂತೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಆಫೀಸಿನವರೇ ತರಬೇತಿ ಕೊಡುತ್ತಾರಂತೆ. ಹೇಗೆ ಕೈಕುಲುಕಬೇಕು, ಯಾವ ಕೋಣೆಯನ್ನು ಮೊದಲು ತೋರಿಸಬೇಕು, ಯಾವುದನ್ನು ಕೊನೆಗೆ ಎಂದೆಲ್ಲ. ಒಳ್ಳೆಯದೇ. ನಾನು ಬರೆಯಲು ಕೂತಿರುವುದು ಆ ಪಾಠದಲ್ಲಿ ಇರದ ಮಾತುಗಳನ್ನು. ನಾನು ಎಷ್ಟು ಮನೆ ಮಾರಿದೆ, ಯಾವಾಗ ಯಾವ ಕುರ್ಚಿಗೆ ಏರಿದೆ ಎನ್ನುವುದು ಯಾರಿಗೂ ಬೇಕಿಲ್ಲ. ನನ್ನ ತಪ್ಪುಗಳು ಮಾತ್ರ ಯಾರಿಗಾದರೂ ಉಪಯೋಗಕ್ಕೆ ಬಂದಾವು.

ನಾನು ಧಾರವಾಡದವಳು, ಹೆಸರು ಕಸ್ತೂರಿ. ಮದುವೆಯಾಗಿ ಲಂಡನ್ನಿಗೆ ಬಂದೆ. ತೊಂಬತ್ತರ ದಶಕದ ಆರಂಭದಲ್ಲಿ, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಕಿಟಕಿಗೆ ಅಂಟಿಸಿದ್ದ ಚೀಟಿ ನೋಡಿ ಟೈಪಿಸ್ಟ್ ಕೆಲಸ ಕೇಳಿಕೊಂಡು ಆ ಆಫೀಸಿಗೆ ಹೋದೆ. ಮಾಲೀಕರ ಹೆಸರು ಲೆನ್. ಉದ್ದನೆಯ ಮನುಷ್ಯ, ಬೇಸಿಗೆಯಲ್ಲೂ ರೇನ್‌ಕೋಟು, ಜೇಬಿನಲ್ಲಿ ಸದಾ ಅಳತೆಯ ಟೇಪು.

“ಆ ಚೀಟಿ ಹಳೆಯದು. ಟೈಪ್ ಮಾಡಲು ಈಗ ನಮ್ಮಲ್ಲಿ ಏನೂ ಇಲ್ಲ,” ಎಂದರು ಲೆನ್. ನಿಜವೇ. ಆಗ ಮನೆಗಳ ಬೆಲೆ ನೆಲ ಕಚ್ಚಿತ್ತು. ಸಾಲ ಕಟ್ಟಲಾಗದೆ ಎಷ್ಟೋ ಜನ ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಬ್ಯಾಂಕಿಗೆ ಕಳಿಸಿ ಹೊರಟುಹೋಗುತ್ತಿದ್ದರು. “ಆದರೆ ಈಗಲೂ ಮನೆ ಕೇಳಿಕೊಂಡು ಬರುವವರು ಹೆಚ್ಚಾಗಿ ಸೀರೆ ಉಟ್ಟ ತಾಯಂದಿರನ್ನು ಕರೆದುಕೊಂಡು ಬರುತ್ತಾರೆ. ತೀರ್ಮಾನ ಆ ತಾಯಂದಿರದ್ದೇ ಎಂದು ನನಗೆ ಅನುಮಾನ. ಅವರ ಜೊತೆ ಮಾತಾಡಬಲ್ಲೆಯಾ?”

ಕನ್ನಡ, ಹಿಂದಿ ಬರುತ್ತದೆ, ಗುಜರಾತಿ ಕೇಳಿದರೆ ತಿಳಿಯುತ್ತದೆ ಎಂದೆ. “ಸಾಕು, ಕ್ಯಾಸ್,” ಎಂದರು. ಕಸ್ತೂರಿ ಎನ್ನುವುದು ಅವರ ನಾಲಿಗೆಗೆ ಹೊರಳಲಿಲ್ಲ. ಆ ದಿನದಿಂದ ಆಫೀಸಿನಲ್ಲಿ ನಾನು ಕ್ಯಾಸ್.

ಮೊದಲ ತಪ್ಪು ಅಳತೆಯದು. ಕೆಂಟನ್ನಿನ ಮನೆಗಳು ಬಹುಮಟ್ಟಿಗೆ ಮೂವತ್ತರ ದಶಕದಲ್ಲಿ ಕಟ್ಟಿದವು. ಎರಡೆರಡು ಮನೆ ಹೆಗಲಿಗೆ ಹೆಗಲು ಆನಿಸಿದಂತೆ ಒಂದೇ ಗೋಡೆ ಹಂಚಿಕೊಂಡಿರುತ್ತವೆ. ಮಹಡಿಯ ಮೇಲೆ ಎರಡು ದೊಡ್ಡ ಕೋಣೆ, ಮುಂಬಾಗಿಲ ನೇರಕ್ಕೆ ಒಂದು ಪುಟ್ಟ ಕೋಣೆ. ಕೆಳಗೆ ಮೆಟ್ಟಿಲು ಹತ್ತುವವರ ತಲೆ ತಾಗಬಾರದು ಎಂದು ಆ ಪುಟ್ಟ ಕೋಣೆಯ ಮೂಲೆಯಲ್ಲಿ ಪೆಟ್ಟಿಗೆಯ ಹಾಗೆ ನೆಲ ಎತ್ತರಿಸಿರುತ್ತಾರೆ. ನಾನು ಟೇಪನ್ನು ಆ ಪೆಟ್ಟಿಗೆಯ ಮೇಲಿಂದ ಗೋಡೆಯಿಂದ ಗೋಡೆಗೆ ಎಳೆದು ಬರೆದುಕೊಂಡೆ. ಮನೆಯ ಬಗ್ಗೆ ತಪ್ಪು ವಿವರ ಕೊಟ್ಟರೆ ಅಪರಾಧ ಎಂಬ ಕಾನೂನು ಆಗಷ್ಟೇ ಬಂದಿತ್ತು. ನನಗೆ ಅದರ ಗಂಧಗಾಳಿಯೂ ಇರಲಿಲ್ಲ.

ಒಂದು ಗುಜರಾತಿ ಕುಟುಂಬ ಆ ಮನೆ ಕೊಂಡು ಒಕ್ಕಲು ಬಂದ ದಿನವೇ ಫೋನು ಬಂತು. ಅಜ್ಜಿಯ ಮಂಚ ಕೋಣೆಯೊಳಗೆ ಹೋಗಿದೆ, ಬಾಗಿಲು ಮುಚ್ಚುತ್ತಿಲ್ಲ. ಲೆನ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದರು. ಮಂಚ ಹೊರಗೆ ತೆಗೆಸಿ, “ಮಲಗು,” ಎಂದರು. ಮನೆಯವರೆಲ್ಲ ನೋಡುತ್ತಿರುವಂತೆಯೇ ನಾನು ಆ ಕೋಣೆಯ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ನನ್ನ ಪಾದಗಳು ಬಾಗಿಲಿನಿಂದ ಆಚೆಗೆ ಬಂದಿದ್ದವು.

“ಈಗ ಬರೆದುಕೋ, ಎಷ್ಟಿದೆ ಕೋಣೆ,” ಎಂದರು ಲೆನ್.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಲೆನ್ ತಮಗೆ ಗೊತ್ತಿದ್ದ ಬಡಗಿಯೊಬ್ಬನನ್ನು ಕರೆಸಿ ಆ ಪೆಟ್ಟಿಗೆಯ ಮೇಲೆಯೇ ಹಲಗೆ ಕೂಡಿಸಿ ಅಜ್ಜಿಗೆ ಮಂಚ ಮಾಡಿಸಿಕೊಟ್ಟರು. ನನಗೆ ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಲೆನ್ ಹೇಳಿಕೊಟ್ಟದ್ದರಲ್ಲಿ ಒಂದನ್ನು ಮಾತ್ರ ನಾನು ಮುರಿದೆ, ಅದೂ ಅವರು ನಿವೃತ್ತರಾದ ಮೇಲೆ. ಎರಡನೆಯ ವಾರದಲ್ಲೇ ಅವರು ಹೇಳಿದ್ದರು: “ರೈಲು ಎಷ್ಟು ದೂರ, ಹೇಳು. ಶಾಲೆ ಯಾವುದು, ಹೇಳು. ಚರಂಡಿ ಕಟ್ಟುತ್ತದೆಯೇ, ಹೇಳು. ರಸ್ತೆಯ ಈ ಬದಿಗೆ ಒಂದು ನಗರಸಭೆ, ಆ ಬದಿಗೆ ಇನ್ನೊಂದು, ಕಸದ ಗಾಡಿ ಬೇರೆ ಬೇರೆ ದಿನ ಬರುತ್ತದೆ, ಅದನ್ನೂ ಹೇಳು. ಬೀದಿಯಲ್ಲಿ ಎಂಥ ಜನ ಇದ್ದಾರೆ ಎಂದು ಕೇಳಿದರೆ, ಬೀದಿಯಲ್ಲಿ ನಡೆದು ನೋಡಿ ಎನ್ನು.”

ಎರಡು ಸಾವಿರದ ನಂತರ ಬೆಂಗಳೂರಿನ ಐಟಿ ಹುಡುಗ ಹುಡುಗಿಯರು ಬರತೊಡಗಿದರು. ಅವರಲ್ಲಿ ನಂದಿನಿ, ಹರ್ಷ ಎಂಬ ಗಂಡ ಹೆಂಡತಿಗೆ ಒಂದು ಕೂಸಿತ್ತು. ಇಬ್ಬರ ಕೆಲಸವೂ ಪೂರ್ವ ಲಂಡನ್ನಿನ ಡಾಕ್‌ಲ್ಯಾಂಡ್ಸಿನಲ್ಲಿ. ಅದರ ಹತ್ತಿರದ ಸ್ಟ್ರಾಟ್‌ಫರ್ಡಿನಲ್ಲಿ ಒಂದು ಫ್ಲಾಟ್ ನೋಡಿದ್ದೇವೆ, ಹೇಗೆ ಆಂಟಿ ಎಂದು ಕೇಳಿದರು. ನಾನು ಅಲ್ಲಿಗೆ ಹೋದದ್ದೇ ಎರಡು ಸಲ. ಆದರೂ ಬಾಯಿ ಬಿಟ್ಟೆ. “ಅಲ್ಲೇನಿದೆ? ಗೋದಾಮು, ರೈಲು ಹಳಿ. ಕೆಂಟನ್ನಿಗೆ ಬನ್ನಿ. ನಮ್ಮವರಿದ್ದಾರೆ, ಗುಡಿ ಇದೆ, ತರಕಾರಿ ಅಂಗಡಿ ಇದೆ.” ಬಂದರು. ನಾನೇ ಮನೆ ಕೊಡಿಸಿದೆ.

ಎರಡು ವರ್ಷ ಕಳೆದು ಒಂದು ಯುಗಾದಿ ಊಟದಲ್ಲಿ ನಂದಿನಿ ಸಿಕ್ಕಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಹೇಗಿದೆ ಮನೆ ಎಂದೆ.

“ಮನೆ ಚೆನ್ನಾಗಿದೆ ಆಂಟಿ, ಅದರಲ್ಲಿ ಇರೋಕೇ ಟೈಮಿಲ್ಲ. ಟ್ಯೂಬ್ ರೈಲಲ್ಲಿ ಹೋಗೋಕೊಂದು ಗಂಟೆ, ಬರೋಕೊಂದು ಗಂಟೆ. ಪಾಪು ಏಳೋಕೆ ಮುಂಚೆ ಹೊರಡ್ತೀನಿ. ನಾವು ಸ್ಟ್ರಾಟ್‌ಫರ್ಡ್ ಕೇಳಿದ್ವಿ. ನೀವು ಅಲ್ಲಿ ಕರಿಬೇವು ಸಿಗಲ್ಲ ಅಂದ್ರಿ.”

ಕರಿಬೇವಿನ ಮಾತು ನಾನು ಆಡಿರಲಿಲ್ಲ. ಆದರೆ ಆಡಿದ್ದು ಅದೇ ಅರ್ಥದ್ದು. ಮುಂದಿನ ವರ್ಷ ಅವರು ಮನೆ ಮಾರಿ ಪೂರ್ವಕ್ಕೇ ಹೋದರು. ಆಮೇಲೆ ಆ ಗೋದಾಮುಗಳ ಜಾಗದಲ್ಲಿ ದೊಡ್ಡ ಕ್ರೀಡಾಂಗಣ, ಅಂಗಡಿಗಳು, ಹೊಸ ಮನೆಗಳ ಸಾಲೇ ಎದ್ದವು. ನಾನು ನುಡಿದ ಭವಿಷ್ಯ ಸುಳ್ಳಾಯಿತು ಎನ್ನುವುದಕ್ಕಿಂತ, ಆ ಕೂಸು ಏಳುವಾಗ ತಾಯಿ ಎದುರಿಗೆ ಇರಲಿಲ್ಲ ಎನ್ನುವುದು ನನ್ನನ್ನು ಚುಚ್ಚಿದ್ದು. ನನಗೆ ಹಿತವಾದ ಬೀದಿ ಎಲ್ಲರಿಗೂ ಹಿತ ಎಂದುಕೊಂಡುಬಿಟ್ಟಿದ್ದೆ.

ಕೆಲಸದ ರೀತಿಯೂ ಅಷ್ಟರಲ್ಲಿ ಬದಲಾಗಿತ್ತು. ನಾನು ಸೇರಿದಾಗ ಮನೆಗಳ, ಕೊಳ್ಳುವವರ ವಿವರವೆಲ್ಲ ಒಂದು ಮರದ ಡಬ್ಬಿಯಲ್ಲಿ ಕಾರ್ಡುಗಳ ಮೇಲೆ ಇರುತ್ತಿತ್ತು. ಮನೆಯ ಫೋಟೊ ತೊಳೆಸಿ ತಂದು ಒಂದೊಂದನ್ನೇ ಗೋಂದು ಹಚ್ಚಿ ಅಂಟಿಸುತ್ತಿದ್ದೆವು. ಆಮೇಲೆ ಕಂಪ್ಯೂಟರು ಬಂತು, ಅದರ ಹಿಂದೆಯೇ ಇಂಟರ್ನೆಟ್ಟು. ಕೊಳ್ಳುವವರು ಹದಿನೆಂಟು ಫೋಟೊ ನೋಡಿಯೇ ಬರುತ್ತಿದ್ದರು. ಬಂದು ಕೋಣೆಯನ್ನು ನೋಡುವುದು ಬಿಟ್ಟು ಫೋಟೊದಲ್ಲಿ ಇದ್ದದ್ದು ಇದೆಯೇ ಎಂದು ತಾಳೆ ನೋಡುತ್ತಿದ್ದರು. ಅದರಿಂದ ಲಾಭವೂ ಆಯಿತು. ಕಾರ್ಡಿನ ಡಬ್ಬಿ ಏಜೆಂಟನ ಕೈಯಲ್ಲಿದ್ದಾಗ ಯಾರಿಗೆ ಯಾವ ಮನೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎನ್ನುವುದು ಅವನ ಕೈಯಲ್ಲೇ ಇತ್ತು. ಈಗ ಎಲ್ಲರಿಗೂ ಎಲ್ಲವೂ ಕಾಣುತ್ತದೆ.

ಆ ಡಬ್ಬಿಯ ಕಾಲದ ಒಂದು ಸಂಗತಿಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದ್ದು.

ಒಂದು ಬೆಳಿಗ್ಗೆ ಹೆರಾಲ್ಡ್ ಎಂಬ ವೃದ್ಧರು ಫೋನು ಮಾಡಿದರು. ಹೆಂಡತಿ ತೀರಿಕೊಂಡಿದ್ದಾಳೆ, ಮನೆ ಮಾರಿ ಸಮುದ್ರದ ಕಡೆ ಮಗಳ ಊರಿಗೆ ಹೋಗುತ್ತೇನೆ ಎಂದರು. ವಿಳಾಸ ಬರೆದುಕೊಂಡೆ. ಫೋನು ಇಡುವ ಮೊದಲು ಅವರು ದನಿ ತಗ್ಗಿಸಿ ಹೇಳಿದರು: “ಒಂದು ವಿಷಯ ಮೊದಲೇ ಹೇಳಿಬಿಡುತ್ತೇನಮ್ಮ. ಏಷ್ಯನ್ನರನ್ನು ಕಳಿಸಬೇಡಿ. ನನಗೇನೂ ಇಲ್ಲ, ಪಕ್ಕದ ಮನೆಯ ಎಲ್ಸಿಗೆ ಮಾತು ಕೊಟ್ಟಿದ್ದೇನೆ. ನಿಮಗೆ ಅರ್ಥವಾಗುತ್ತದಲ್ಲ.”

ಇಲ್ಲಿನವರ ಬಾಯಲ್ಲಿ ಏಷ್ಯನ್ನರು ಎಂದರೆ ಭಾರತ, ಪಾಕಿಸ್ತಾನದ ಕಡೆಯವರು, ಅಂದರೆ ನಾವೇ. ಧಾರವಾಡದಲ್ಲಿ ಕ್ರೈಸ್ತ ಸನ್ಯಾಸಿನಿಯರು ಕಲಿಸಿದ ಇಂಗ್ಲಿಷ್ ನನ್ನದು. ಫೋನಿನಲ್ಲಿ ಬಣ್ಣ ಕಾಣುವುದಿಲ್ಲ. “ನಾಳೆ ಹತ್ತಕ್ಕೆ ಅಳತೆಗೆ ಬರುತ್ತೇನೆ ಸರ್,” ಎಂದಷ್ಟೇ ಹೇಳಿ ಇಟ್ಟೆ. ಕಿವಿ ಬಿಸಿಯಾಗಿತ್ತು.

ಲೆನ್‌ಗೆ ಹೇಳಿದೆ. ಅವರು ಎದ್ದು ತಮ್ಮ ಕೋಣೆಯ ಬಾಗಿಲು ಹಾಕಿದರು. ಹಾಗೆ ಅವರು ಬಾಗಿಲು ಹಾಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಏಜೆಂಟನ ಮೂಲಕ ಮಾರುವವನು ಹಾಗೆ ಹೇಳುವಂತಿಲ್ಲ. ಕೇಳಿಕೊಂಡು ನಡೆದರೆ ನಮ್ಮದೂ ತಪ್ಪು. ಇದು ಕಾನೂನು,” ಎಂದರು. ಕುರ್ಚಿಯಲ್ಲಿ ಕೂತು ಮುಂದುವರಿಸಿದರು. “ನಾನು ಹುಡುಗನಾಗಿ ಈ ಕೆಲಸಕ್ಕೆ ಬಂದಾಗ ಆ ಕಾನೂನು ಇರಲಿಲ್ಲ, ಕ್ಯಾಸ್. ಮನೆಯ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನ ಚುಕ್ಕೆ ಇಡುತ್ತಿದ್ದೆವು. ಚುಕ್ಕೆ ಇದ್ದ ಮನೆಗೆ ಬಿಳಿಯರಲ್ಲದವರನ್ನು ಕಳಿಸಬಾರದು ಎಂದು ಅರ್ಥ. ನಾನೂ ಇಟ್ಟಿದ್ದೇನೆ. ಎಷ್ಟೋ ಚುಕ್ಕೆ.”

ನಾನು ಅವರ ಮುಖ ನೋಡಿದೆ. ಮೂರು ವರ್ಷ ಜೊತೆಗೆ ಚಹಾ ಕುಡಿದ ಮನುಷ್ಯ.

“ನಾನೇ ಫೋನು ಮಾಡಿ ಈ ಮನೆ ನಮಗೆ ಬೇಡ ಎನ್ನುತ್ತೇನೆ,” ಎಂದರು.

“ಬೇಡ,” ಎಂದೆ. “ಹತ್ತಕ್ಕೆ ಬರುತ್ತೇನೆ ಎಂದು ಹೇಳಿದ್ದೇನೆ. ಹೋಗುತ್ತೇನೆ.”

ಮಾರನೆಯ ದಿನ ಹೆರಾಲ್ಡ್ ಬಾಗಿಲು ತೆಗೆದರು. ಗುಂಡುಮುಖ, ಉಣ್ಣೆಯ ಕಾರ್ಡಿಗನ್, ಮೊಣಕೈಯಲ್ಲಿ ತೇಪೆ. ನನ್ನ ಭುಜದ ಮೇಲಿಂದ ಹಿಂದಕ್ಕೆ ಇಣುಕಿ ನೋಡಿದರು. “ಆಫೀಸಿನ ಆ ಮಹಿಳೆ ಬರುತ್ತಿದ್ದಾರೆಯೇ?”

“ನಿನ್ನೆ ಫೋನಿನಲ್ಲಿ ಮಾತಾಡಿದ್ದು ನಾನೇ ಸರ್.”

ಅವರ ಕೊರಳಿನಿಂದ ಕಿವಿಯವರೆಗೂ ಕೆಂಪೇರಿತು. ಪಕ್ಕಕ್ಕೆ ಸರಿದರು. ನಾನು ಕೋಣೆ ಕೋಣೆ ಅಳೆದೆ. ಅವರು ಒಂದು ಮಾತೂ ಆಡದೆ ನನ್ನ ಹಿಂದೆ ಬಂದರು. ಚೊಕ್ಕಟವಾದ ಮನೆ. ಹಿತ್ತಲಲ್ಲಿ ಕೋಲು ನೆಟ್ಟು ಹಬ್ಬಿಸಿದ ಹುರುಳಿಕಾಯಿ ಬಳ್ಳಿ. ಹೊರಡುವಾಗ ಹೇಳಿದೆ: “ಕೊಳ್ಳುವ ಶಕ್ತಿ ಇರುವ ಯಾರನ್ನಾದರೂ ನಾನು ಕರೆತರುತ್ತೇನೆ. ಕಾನೂನೂ ಅದೇ, ನಮ್ಮ ಆಫೀಸಿನ ರೀತಿಯೂ ಅದೇ. ಒಪ್ಪಿಗೆ ಇಲ್ಲದಿದ್ದರೆ ಲೆನ್‌ಗೆ ಫೋನು ಮಾಡಿ.”

ಅವರು ಫೋನು ಮಾಡಲಿಲ್ಲ. ಸುಮ್ಮನಿದ್ದಾರೆ, ಅಂದರೆ ಒಪ್ಪಿದ್ದಾರೆ ಎಂದುಕೊಂಡೆ. ಅಲ್ಲಿಯೇ ನಾನು ಎಡವಿದ್ದು.

ಆಗ ಮನೆ ಹುಡುಕುತ್ತಿದ್ದವರಲ್ಲಿ ವಿಜಯಪುರದ ಒಂದು ಕುಟುಂಬವಿತ್ತು. ಗಂಡ ಬಸವರಾಜ ಲ್ಯಾಬೊಂದರಲ್ಲಿ ಟೆಕ್ನಿಶಿಯನ್, ಹೆಂಡತಿ ಶಿವಲೀಲಾ ನರ್ಸು. ಲಂಡನ್ನಿನ ಪೂರ್ವ ತುದಿಯ ಇಲ್ಫರ್ಡಿನಲ್ಲಿ ಬಾಡಿಗೆಗೆ ಇದ್ದರು. ಶಿವಲೀಲಾಳಿಗೆ ಕೆಂಟನ್ನಿನ ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಪಾಳಿ ಮುಗಿಸಿ ಇಡೀ ಲಂಡನ್ನು ದಾಟಿ ಮನೆ ಸೇರಿ ಮಲಗುವಷ್ಟರಲ್ಲಿ ಮತ್ತೆ ಏಳುವ ಹೊತ್ತಾಗುತ್ತಿತ್ತು. ಅವರ ಜೊತೆ ಬಸವರಾಜನ ತಾಯಿ ಗೌರವ್ವ ಇದ್ದರು. ಇಂಗ್ಲಿಷ್ ಬಾರದ ಹಿರಿಯರು.

ಹೆರಾಲ್ಡರ ಮನೆ ಅವರಿಗೆ ಹೇಳಿ ಮಾಡಿಸಿದಂತಿತ್ತು. ಆಸ್ಪತ್ರೆಗೆ ನಡೆದೇ ಹೋಗಬಹುದು. ಕರೆದುಕೊಂಡು ಹೋದೆ. ಆ ಫೋನಿನ ಮಾತು ಅವರಿಗೆ ಹೇಳಲಿಲ್ಲ. ಹೇಳಿದರೆ ನೋಯುತ್ತಾರೆ, ಹೇಳದಿದ್ದರೆ ಏನೂ ಆಗದೆ ಮುಗಿದುಹೋದೀತು ಎಂದು ನನ್ನ ಲೆಕ್ಕ. ಹೆರಾಲ್ಡ್ ನಮ್ಮನ್ನು ಒಳಗೆ ಬಿಟ್ಟು ಹಿತ್ತಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ನಾವು ಹೊರಡುವಾಗ ಗೌರವ್ವ ಹಿತ್ತಲ ಬಾಗಿಲಿಗೆ ಹೋಗಿ ಅವರಿಗೆ ಕೈಮುಗಿದರು. ಹೆರಾಲ್ಡ್ ಬಳ್ಳಿಯ ಕಡೆ ತಿರುಗಿಕೊಂಡರು.

“ಕಿವಿ ಮಂದ ಇರಬೇಕ ಪಾಪ,” ಎಂದರು ಗೌರವ್ವ.

ಕೇಳಿದ್ದ ಬೆಲೆಯನ್ನೇ ಬಸವರಾಜ ಒಪ್ಪಿದ. ಹೆರಾಲ್ಡ್ ಬೇಡ ಎಂದರು. ಆ ವಾರವೇ, ಅದಕ್ಕಿಂತ ಕಡಿಮೆಗೆ, ಒಂದು ಇಂಗ್ಲಿಷ್ ದಂಪತಿಗೆ ಕೊಡಲು ಒಪ್ಪಿಕೊಂಡರು. ಲೆನ್ ಅವರಿಗೆ ಕಾಗದ ಬರೆದು, ಕಾರಣ ನಮಗೆ ತಿಳಿದಿದೆ, ಇದು ತಪ್ಪು ಎಂದು ನೇರವಾಗಿ ಹೇಳಿದರು. ಉತ್ತರ ಬರಲಿಲ್ಲ. ನಾನು ಶಿವಲೀಲಾಳಿಗೆ ಫೋನಿನಲ್ಲಿ, ಬೇರೆಯವರಿಗೆ ಕೊಟ್ಟರಂತೆ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಆದರೂ ಫೋನು ಇಟ್ಟ ಮೇಲೆ ನನಗೆ ನನ್ನ ಬಗ್ಗೆಯೇ ಹೇಸಿಗೆ ಎನಿಸಿತು.

ಕೆಲವು ವಾರಗಳಲ್ಲಿ ಆ ವ್ಯಾಪಾರ ಮುರಿಯಿತು. ಇಲ್ಲಿ ಮನೆ ಕೊಳ್ಳುವವನು ತನ್ನ ಮನೆ ಮಾರಿರಬೇಕು, ಅದನ್ನು ಕೊಳ್ಳುವವನು ತನ್ನದನ್ನು. ಹೀಗೆ ಒಂದಕ್ಕೊಂದು ಕೊಂಡಿ. ಎಲ್ಲೋ ಒಂದು ಕೊಂಡಿ ಕಳಚಿ ಇಂಗ್ಲಿಷ್ ದಂಪತಿ ಹಿಂದೆ ಸರಿದರು. ಅದಾದ ಮೇಲೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಒಬ್ಬ ವೃದ್ಧೆ ಆಫೀಸಿಗೆ ಬಂದರು. ಪಕ್ಕದ ಮನೆಯ ಎಲ್ಸಿ.

“ಹೆರಾಲ್ಡ್ ನಿನ್ನೆ ಬೇಲಿಯ ಮೇಲಿಂದ ಹೇಳಿದ,” ಎಂದರು ನೇರವಾಗಿ. “ನನ್ನ ಸಲುವಾಗಿ ಭಾರತದವರನ್ನು ಬೇಡ ಅಂದನಂತೆ. ನಾನು ಥ್ಯಾಂಕ್ಸ್ ಹೇಳಲಿ ಅಂತ ಕಾಯುತ್ತಿದ್ದ. ನಾನು ಅವನಿಗೆ ಹಾಗೆ ಯಾವತ್ತೂ ಹೇಳಿಲ್ಲ. ಮನೆ ಖಾಲಿ ಬಿಡಬೇಡ, ಪಕ್ಕದಲ್ಲಿ ಯಾರಾದರೂ ಓಡಾಡಿದರೆ ಜೀವಕ್ಕೆ ಸಮಾಧಾನ, ಅಂದಿದ್ದೆ. ಅಷ್ಟೇ. ನನ್ನ ಹೆಸರನ್ನು ಇದರಿಂದ ತೆಗೆ ಅಂತ ಅವನಿಗೂ ಹೇಳಿದ್ದೇನೆ. ನಿಮಗೂ ಹೇಳಿ ಹೋಗೋಣ ಎಂದು ಬಂದೆ.”

ಲೆನ್ ಎದ್ದು ಅವರಿಗೆ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. ಹೇಳಬೇಕಾದ್ದನ್ನು ಹೇಳಿ ಹೋದರು.

ಸಂಜೆ ಹೆರಾಲ್ಡರ ಫೋನು. “ಆ ಮೊದಲು ಬಂದಿದ್ದವರು,” ಎಂದರು. “ಅವರು ಇನ್ನೂ ಮನೆ ನೋಡುತ್ತಿದ್ದಾರೆಯೇ?”

ಇದನ್ನು ಶಿವಲೀಲಾಳಿಗೆ ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಮರುದಿನ ರೈಲು ಹತ್ತಿ ಇಲ್ಫರ್ಡಿಗೆ ಹೋದೆ. ಅವರ ಮನೆಯ ಮಹಡಿಯ ಪುಟ್ಟ ಕೋಣೆಯಲ್ಲಿ ಕೂತು, ಮೊದಲ ಫೋನಿನಿಂದ ಎಲ್ಸಿಯವರೆಗೆ ಎಲ್ಲವನ್ನೂ ಹೇಳಿದೆ. ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

ಶಿವಲೀಲಾ ಕೇಳಿದಳು: “ನಮ್ಮನ್ನ ಕರಕೊಂಡು ಹೋಗೂ ಮೊದ್ಲ ನಿಮಗ ಇದು ಗೊತ್ತಿತ್ತೇನ್ರಿ ಅಕ್ಕಾರ?”

“ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ಲ?”

“ನಿಮಗ ಬ್ಯಾಸರ ಆಗ್ತದ ಅಂತ.”

“ಈಗ ಆಗಿಲ್ಲೇನ್ರಿ? ಅವ್ವ ಅವರಿಗೆ ಕೈ ಮುಗದ್ರು. ಕಿವಿ ಮಂದ ಅಂತ ಪಾಪ ಅಂದ್ರು. ಹೇಳಿದ್ರ ಹೋಗೂದೋ ಬ್ಯಾಡೋ ನಾವ ಠರಾಸ್ತಿದ್ವಿ. ನಮ್ಮ ಸಲುವಾಗಿ ನೀವ ಠರಾಸಿಬಿಟ್ರಿ.”

ತಪ್ಪಾಯಿತು ಎಂದೆ. ನಾನು ಇಷ್ಟುದ್ದ ಬರೆಯಲು ಕೂತಿದ್ದೇ ಆ ಕೋಣೆಯಲ್ಲಿ ಕೇಳಿದ ಮಾತನ್ನು ದಾಟಿಸಲು. ನಮಗೆ ತಿಳಿದದ್ದನ್ನು ಕೊಳ್ಳುವವರಿಗೆ ಹೇಳಬೇಕು. ನೋವು ಅವರದ್ದು, ಆಯ್ಕೆಯೂ ಅವರದ್ದೇ.

ಬಸವರಾಜನ ಸಿಟ್ಟು ಇಳಿದಿರಲಿಲ್ಲ. “ಬ್ಯಾಡ ಬಿಡ. ಅಂಥಾ ಮನಿ ನಮಗ್ಯಾಕ? ಲಂಡನ್ನದಾಗ ಮನಿಗೆ ಬರ ಬಿದ್ದೈತೇನ?”

ಶಿವಲೀಲಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದಿದ್ದಳು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ತಿರುಗಿ ಹೇಳಿದಳು: “ನಾ ಬರತೇನ್ರಿ. ಆದ್ರ ಒಂದು ಮಾತು. ಈ ಸಲ ನೀವು ಮುಂದ ನಿಂತು ತೋರಸಬ್ಯಾಡ್ರಿ. ಬಾಗ್ಲಾ ಅವರ ತಗೀಬೇಕು, ಒಳಗ ಬರ್ರಿ ಅನಬೇಕು, ಒಂದೊಂದ ಖೋಲಿ ಅವರ ತೋರಸಬೇಕು. ಹಿತ್ತಲದಾಗ ನಿಂತ್ರ ನಡಿಯಂಗಿಲ್ಲ. ಆಮ್ಯಾಲೆ ನೋಡೂಣು, ಬೇಕೋ ಬ್ಯಾಡೋ.”

ಲೆನ್‌ಗೆ ಹೇಳಿದಾಗ ಅವರು ತಲೆ ಕೆರೆದುಕೊಂಡರು. “ಮೂವತ್ತು ವರ್ಷದಲ್ಲಿ ನನಗೆ ಇದು ಹೊಳೆಯಲಿಲ್ಲ ನೋಡು,” ಎಂದರು. ಹೆರಾಲ್ಡರಿಗೆ ಅವರೇ ಫೋನು ಮಾಡಿ ಷರತ್ತನ್ನು ಒಪ್ಪಿಸಿದರು. ಏನು ಮಾತಾಡಿದರೋ ನನಗೆ ತಿಳಿಯದು.

ಆ ಶನಿವಾರ ನಾವು ಹೋದಾಗ ಹೆರಾಲ್ಡ್ ಕೋಟು ಹಾಕಿ ಟೈ ಕಟ್ಟಿದ್ದರು. ನಾವು ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. “ಒಳಗೆ ಬನ್ನಿ,” ಎಂದರು. ನಾಲ್ವರೂ ಒಳಗೆ ಹೋದೆವು. ನಾನು ಎಲ್ಲರಿಗಿಂತ ಹಿಂದೆ.

ಅವರು ಕ್ಷಮೆ ಕೇಳಲಿಲ್ಲ. ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ, ಬಸವರಾಜನೂ ಕಾಯುತ್ತಿದ್ದ. ಅದರ ಬದಲು ಅವರು ಮನೆ ತೋರಿಸಿದರು. ಆ ರೀತಿ ಮನೆ ತೋರಿಸಿದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಸಿಂಕಿನ ಕೆಳಗೆ ಮಂಡಿಯೂರಿ ನೀರು ನಿಲ್ಲಿಸುವ ತಿರುಪು ಎಲ್ಲಿದೆ, ಚಳಿಗಾಲದಲ್ಲಿ ಅದು ಹೇಗೆ ಬಿಗಿಯಾಗುತ್ತದೆ ಎಂದು ತೋರಿಸಿದರು. ಮೆಟ್ಟಿಲಿನ ಐದನೆಯ ಹಲಗೆ ಕಿರುಗುಟ್ಟುತ್ತದೆ ಎಂದರು. ಹಿಂದಿನ ಕೋಣೆಯ ಗೋಡೆಯಲ್ಲಿ ತೇವ ಏಳುತ್ತದೆ, ಸೂರಂಚಿನ ನೀರ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಮಾತ್ರ, ಶರತ್ಕಾಲದಲ್ಲಿ ಎರಡು ಸಲ ತೆಗೆದರೆ ಸಾಕು ಎಂದರು. ಮಾರುವವನು ಮುಚ್ಚಿಡುವ ದೋಷಗಳನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಹೇಳಿದರು. ಮೊದಮೊದಲು ಕೈಕಟ್ಟಿ ನಿಂತಿದ್ದ ಬಸವರಾಜ ಬಾಯ್ಲರಿನ ಹತ್ತಿರ ಬಂದಾಗ ತಡೆಯಲಾರದೆ ಒಂದು ಪ್ರಶ್ನೆ ಕೇಳಿದ. ಇಬ್ಬರೂ ಅದರ ಮುಚ್ಚಳ ತೆಗೆದು ಬಗ್ಗಿ ನೋಡಿದರು.

ಶಿವಲೀಲಾ ಎಲ್ಲವನ್ನೂ ಕೇಳಿಸಿಕೊಂಡಳು. ಮುಂದಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಹೆರಾಲ್ಡ್ ಕೂರಲು ಹೇಳಿದರು. ಯಾರೂ ಕೂರಲಿಲ್ಲ. ಬಸವರಾಜ ಹೆಂಡತಿಯ ಮುಖ ನೋಡಿದ, ಅವಳು ಅತ್ತೆಯ ಮುಖ ನೋಡಿದಳು.

ಗೌರವ್ವ ನನ್ನನ್ನು ಕರೆದರು. “ತಂಗಿ, ಒಂದು ಮಾತು ಕೇಳು ಇವನ್ನ. ಈ ಮನ್ಯಾಗ ಇವಾ ಸುಖಾ ಇದ್ದನೇನು?”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

ಹೆರಾಲ್ಡ್ ಗೌರವ್ವನನ್ನು ನೋಡಿದರು. ಮೊದಲ ಸಲ ನೇರವಾಗಿ ನೋಡಿದ್ದು ಅದೇ. “ಇದ್ದೆ,” ಎಂದರು. “ಹೆಂಡತಿ ಎಡ್ನಾ ಇರುವವರೆಗೂ ಬಹಳ ಸುಖವಾಗಿದ್ದೆ. ನಲವತ್ತು ವರ್ಷ.”

ಗೌರವ್ವನಿಗೆ ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಮುಖ ನೋಡಿಯೇ ತಿಳಿದುಕೊಂಡರು. “ತಗೋ ಶಿವಲೀಲಾ. ಇದು ಬಾಳಿ ಬದುಕಿದ ಮನಿ,” ಎಂದರು.

ಅವರು ಏನೆಂದರು ಎಂದು ಹೆರಾಲ್ಡ್ ನನ್ನನ್ನು ಕೇಳಿದರು. ಹೇಳಿದೆ. ಅವರು ತಟ್ಟನೆ ಹಜಾರದ ಕಡೆ ತಿರುಗಿ, ಅಲ್ಲಿನ ಪುಟ್ಟ ಬೀರುವಿನ ಬಾಗಿಲು ತೆಗೆದು, ನಮಗೆ ಬೆನ್ನು ಮಾಡಿಕೊಂಡೇ ಹೇಳಿದರು: “ಗ್ಯಾಸ್ ಮೀಟರು ತೋರಿಸುವುದನ್ನು ಮರೆತೆ. ಬನ್ನಿ, ಇಲ್ಲಿದೆ.”

ಶಿವಲೀಲಾ ಹೋಗಿ ಅವರ ಪಕ್ಕದಲ್ಲಿ ಬಗ್ಗಿ ನಿಂತು, ಮೀಟರು ನೋಡಿ, ಇದನ್ನು ನಮ್ಮ ಹೆಸರಿಗೆ ಬರೆಸುವುದು ಹೇಗೆ ಎಂದು ಕೇಳಿದಳು.